ಹನ್ನೊಂದು ಅಳತೆ ಪುಸ್ತಕಗಳು

ಗ್ರಂಥಾಲಯದ ಬೈಂಡಿಂಗ್ ಕೋಣೆ,
ಮಾರ್ಚ್ ೧೪, ಗುರುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಕಣ್ಣು ಹೇಗಿದೆ? ಆಪರೇಷನ್ ಆದ ಕಣ್ಣಿನಲ್ಲಿ ನೀರು ಸೋರುವುದು ನಿಂತಿದೆಯಂತೆ, ಪೇಪರನ್ನು ಈಗ ನೀನೇ ಓದಿಕೊಳ್ಳುತ್ತೀಯಂತೆ, ಅತ್ತಿಗೆ ಹೇಳಿದರು. ಅದಕ್ಕೇ ಈ ಕಾಗದವನ್ನು ದಪ್ಪ ಅಕ್ಷರದಲ್ಲಿ, ಒಂದು ಸಾಲು ಬಿಟ್ಟು ಒಂದು ಸಾಲು ಬರೆಯುತ್ತಿದ್ದೇನೆ. ಹನಿ ಹಾಕಿಕೊಂಡ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿ ಮಲಗಬೇಕು, ಹಾಕಿಕೊಂಡ ಕೂಡಲೇ ಎದ್ದು ಅಡುಗೆಮನೆಗೆ ನುಗ್ಗುವುದಲ್ಲ. ನಿನ್ನ ಮಂಡಿಗೆ ಕಟ್ಟಿಕೊಳ್ಳುವ ಪಟ್ಟಿ ಸಡಿಲವಾಗಿದ್ದರೆ ಕಳಿಸು, ಹಿಡಿದು ಹೊಲಿದುಕೊಡುತ್ತೇನೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀರಿನ ಇಲಾಖೆಯಲ್ಲಿ ನಿನ್ನ ಅಳಿಯನಿಗೆ ಇನ್ನೆರಡು ವರ್ಷ ಕೆಲಸವಿದೆ; ಯಾವ ಬೀದಿಯ ಕೆಳಗೆ ಯಾವ ಪೈಪು ಮಲಗಿದೆ ಎಂದು ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಫೋನು ಮಾಡುವುದು ಬಿಟ್ಟು ಇವಳೇನು ಕಾಗದ ಬರೆಯುತ್ತಾ ಕೂತಳು ಎಂದು ನಿನಗೆ ಅನ್ನಿಸಿರಬಹುದು. ಫೋನು ಮಾಡಿದರೆ ಮೊದಲು ಎತ್ತುವವನು ಅಣ್ಣ. ನಿನ್ನ ಕೈಗೆ ಕೊಟ್ಟ ಮೇಲೂ ಪಕ್ಕದಲ್ಲೇ ಕೂತಿರುತ್ತಾನೆ. ನಾನು ಹೇಳಬೇಕಾಗಿರುವುದು ನಿನ್ನೊಬ್ಬಳಿಗೇ. ಕಾಗದವಾದರೆ ಬಾಗಿಲು ಹಾಕಿಕೊಂಡು ಓದಬಹುದು, ಸಾಕೆನಿಸಿದ ಕಡೆ ನಿಲ್ಲಿಸಬಹುದು.

ನಮ್ಮ ಗ್ರಂಥಾಲಯದಲ್ಲಿ ಈ ತಿಂಗಳ ಇಪ್ಪತ್ತನಾಲ್ಕಕ್ಕೆ ಒಂದು ಪ್ರದರ್ಶನ ಶುರುವಾಗುತ್ತದೆ. ಈ ಊರು ಹಿಂದೆ ನೋಡಲು ಹೇಗಿತ್ತು ಎಂದು ಎಲ್ಲರೂ ತೋರಿಸುತ್ತಾರೆ. ಕಿವಿಗೆ ಹೇಗಿತ್ತು ಎಂದು ನಾವು ತೋರಿಸುವುದು. ಇದು ಊರಿನ ಸಂಗ್ರಹ ನೋಡಿಕೊಳ್ಳುವ ಮೇಡಂ ತಲೆಯಲ್ಲಿ ಹುಟ್ಟಿದ್ದು. ಸದಾ ಹಳೆಯ ನಕ್ಷೆಗಳ ಮೇಲೆ ಬಗ್ಗಿರುತ್ತಾರೆಂದು ನಾವು ಅವರನ್ನು ನಕ್ಷೆ ಮೇಡಂ ಎನ್ನುತ್ತೇವೆ, ಅವರಿಗೂ ಗೊತ್ತು. ಚಳಿಗಾಲವಿಡೀ ಅವರು ಒಂದೊಂದೇ ಕಪಾಟು ತೆಗೆದು ಹರಿದದ್ದು, ಹುಳು ತಿಂದದ್ದನ್ನು ನನ್ನ ಮೇಜಿಗೆ ಕಳಿಸುತ್ತಿದ್ದರು. ಅಮ್ಮಾ, ಒಂಬತ್ತು ವರ್ಷ ಇಲ್ಲಿ ಪುಸ್ತಕ ಹೊಲಿದಿದ್ದೇನೆ, ಈ ನಾಲ್ಕು ತಿಂಗಳಿನಷ್ಟು ಖುಷಿಯಾಗಿ ಎಂದೂ ಕೆಲಸ ಮಾಡಿರಲಿಲ್ಲ. ಪುರಸಭೆಯ ಪರವಾನಗಿ ಪುಸ್ತಕದಲ್ಲಿ ಬೀದಿ ಮಾರುವವರ ಹೆಸರು, ಅವರ ಬೀದಿ, ಅವರ ಹೊತ್ತು ಎಲ್ಲ ಸಿಕ್ಕಿತು. ಅರವತ್ತು ವರ್ಷದ ಹಿಂದಿನ ಪತ್ರಿಕೆಯಲ್ಲಿ ಒಬ್ಬ ವಕೀಲರ ದೂರು: ಹಾಲಿನವಳು ಬೆಳಗಾಗುವ ಮುಂಚೆ ಕೂಗಿ ನಿದ್ದೆ ಕೆಡಿಸುತ್ತಾಳೆ, ಅದೂ ಹೀಗೆ ಕೂಗುತ್ತಾಳೆ, ಎಂದು ಸಿಟ್ಟಿನಲ್ಲಿ ಅವಳ ಕೂಗನ್ನು ಅಕ್ಷರ ಬಿಡದೆ ಬರೆದಿದ್ದಾರೆ. ಅವಳ ಮಾತು ಉಳಿದಿರುವುದು ಆ ಸಿಡುಕ ವಕೀಲರಿಂದ. ಒಂದು ನಾಟಕ ಕಂಪನಿಯ ಕರಪತ್ರದಲ್ಲಿ, ಎರಡನೇ ಅಂಕ ಮುಗಿದ ಮೇಲೆ ಹಾಸ್ಯಗಾರರಿಂದ ಚಾಕು ಸಾಣೆ ಹಿಡಿಯುವವನ ಕೂಗಿನ ಅನುಕರಣೆ, ಎಂದಿದೆ. ನಕ್ಷೆ ಮೇಡಂ ಹಳೆಯ ನಕ್ಷೆ ಹರಡಿ, ಯಾವ ಕೂಗು ಯಾವ ಬೀದಿಯಲ್ಲಿ ಕೇಳಿಸುತ್ತಿತ್ತೋ ಅಲ್ಲಿ ಗುಂಡುಸೂಜಿ ಚುಚ್ಚುತ್ತಿದ್ದರು. ಅವರು ಚುಚ್ಚುವ ಮೊದಲೇ ನಾನು ಬೀದಿ ಹೇಳುತ್ತಿದ್ದೆ. ಐಸು ಮಾರುವವನು ಗಡಿಯಾರದ ವೃತ್ತ ದಾಟುತ್ತಿರಲಿಲ್ಲ, ಅಷ್ಟರಲ್ಲಿ ಕರಗಿಹೋಗುತ್ತಿತ್ತು, ಎಂದರೆ ಅವರು ಪರವಾನಗಿ ಪುಸ್ತಕ ನೋಡಿ, ಸರಿಯಾಗಿದೆ ಕಣ್ರೀ, ನಿಮಗೆ ಹೇಗೆ ಗೊತ್ತು, ಎನ್ನುವರು. ಹೇಗೆ ಗೊತ್ತೆಂದು ನಿನಗೆ ಗೊತ್ತು.

ನಾನು ಹೊಲಿಗೆ ಅಂಗಡಿ ಸೇರಿದ ಮೊದಲ ಮೂರು ವರ್ಷ. ಮೆಷಿನ್ ತುಳಿಯುತ್ತಾ ಕೂತರೆ ಇಡೀ ಬೀದಿ ಕಿವಿಯೊಳಗೆ ಬರುತ್ತಿತ್ತು. ಅಳತೆ ಪುಸ್ತಕದ ಮುಂದಿನಿಂದ ಗಿರಾಕಿಗಳ ಎದೆ, ಸೊಂಟ, ತೋಳು, ಹಿಂದಿನಿಂದ ಕೂಗುಗಳು. ಸ್ವರ ಬರೆಯಲು ಬಾರದ್ದರಿಂದ ಹೊಲಿಗೆಯ ಗುರುತುಗಳನ್ನೇ ಹಾಕುತ್ತಿದ್ದೆ. ಒಂದೇ ಸಮನೆ ಹೋದರೆ ಓಟದ ಹೊಲಿಗೆ, ದನಿ ಏರಿದರೆ ಕೊಕ್ಕೆ, ಇಳಿದು ಎಳೆದರೆ ಕಾಜಾ. ಮಧ್ಯಾಹ್ನ ಊಟ ಬಿಟ್ಟು ಛತ್ರಿ ರಿಪೇರಿಯವನ ಹಿಂದೆ ಹೋಗಿ, ನಿನ್ನ ಕೈಲಿ ಬೈಸಿಕೊಂಡದ್ದು ನೆನಪಿದೆಯಾ. ಸೂಜಿಯ ಹಾಗೆ ಇದೀಯ, ಇನ್ನೂ ಊಟ ಬಿಟ್ಟರೆ ಕಣ್ಣಿಗೇ ಕಾಣಲ್ಲ, ಎಂದು ಅಂದೇ ನನಗೆ ಆ ಹೆಸರಿಟ್ಟೆ. ಹನ್ನೊಂದು ಪುಸ್ತಕ ತುಂಬಿದ್ದವು. ಒಂದು ದಿನ ಅಂಗಡಿಯಿಂದ ಬಂದರೆ ಅಟ್ಟ ಖಾಲಿ. ಮೇಲಿನ ಪೈಪು ಒಡೆದು ಎಲ್ಲ ಮುದ್ದೆಯಾಗಿತ್ತು, ಕಸದ ಗಾಡಿಗೆ ಹಾಕಿದೆ, ಎಂದೆ ನೀನು. ಎರಡು ದಿನ ಅತ್ತೆ. ನೀನು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಾ, ಹೋದದ್ದು ಹೋಯ್ತು, ಇನ್ನೇನು ಮಾಡೋಕಾಗುತ್ತೆ, ಎಂದೆ. ಆಮೇಲೆ ಎರಡು ವರ್ಷಕ್ಕೆ ಊರಿನ ಕೂಗುಗಳ ಮೇಲೆ ಅಣ್ಣನ ಪುಸ್ತಕ ಬಂತು. ನಿನ್ನವು ಹಾಳಾದವಲ್ಲ, ಅದಕ್ಕೇ ನಾನೇ ಬೀದಿ ಬೀದಿ ಅಲೆದು ಎಲ್ಲ ಮತ್ತೆ ಹುಡುಕಿದೆ, ಎಂದ. ನನಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಅವನ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದ್ದೆ. ಮೊದಲ ಪುಟದಲ್ಲಿ, ಕೇಳುವುದನ್ನು ಕಲಿಸಿದ ತಂಗಿಗೆ, ಎಂದು ಹಾಕಿದ್ದನಲ್ಲ, ಆ ಸಾಲನ್ನು ನಾನು ತೋರಿಸದೆ ಬಿಟ್ಟ ಗಿರಾಕಿ ಒಬ್ಬರೂ ಇರಲಿಲ್ಲ. ಆ ಪುಸ್ತಕದಿಂದಲೇ ಅವನಿಗೆ ಕಾಲೇಜಿನ ಕೆಲಸವಾಯಿತು, ಊರಿನ ವಿಷಯ ಎಂದರೆ ಅವನನ್ನೇ ಕರೆಯುವ ಹಾಗಾಯಿತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಅಮ್ಮಾ, ಇದನ್ನು ನೀನು ನಂಬಬೇಕು.

ಹೋದ ವಾರ ಅಣ್ಣನ ಕಾಗದಪತ್ರಗಳು ಗ್ರಂಥಾಲಯಕ್ಕೆ ಬಂದವು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಜಾಗವಿಲ್ಲವೆಂದು ಏಳು ಪೆಟ್ಟಿಗೆ ದಾನ ಕೊಟ್ಟಿದ್ದಾನೆ, ಅವನ ವಿದ್ಯಾರ್ಥಿಗಳು ಕಟ್ಟಿ ಕಳಿಸಿದ್ದಾರೆ. ಪ್ರದರ್ಶನಕ್ಕೆ ಅವನೇ ಮುಖ್ಯ ಅತಿಥಿ. ಅದರಲ್ಲಿ ಕೆಲವು ನೋಟುಪುಸ್ತಕಗಳ ಹಾಳೆ ಕಿತ್ತುಬರುತ್ತಿವೆ, ಗಾಜಿನ ಪೆಟ್ಟಿಗೆಯಲ್ಲಿಡುವ ಮೊದಲು ಹೊಲಿದುಕೊಡಿ, ಎಂದು ನಕ್ಷೆ ಮೇಡಂ ಸೋಮವಾರ ಒಂದು ಕಟ್ಟು ತಂದಿಟ್ಟರು. ಮೇಲೆ ಚೀಟಿ: ಲೇಖಕರ ಕ್ಷೇತ್ರಕಾರ್ಯದ ಟಿಪ್ಪಣಿಗಳು, ಹನ್ನೊಂದು. ನಾನು ಕಂದು ಕಾಗದದ ಹೊದಿಕೆ ನೋಡಿದೆ, ಮೂಲೆ ಮಡಿಚಿದ ರೀತಿ ನೋಡಿದೆ, ಬಿಚ್ಚುವ ಮೊದಲೇ ಯಾರವೆಂದು ಗೊತ್ತಾಯಿತು. ಮುಂದಿನ ಹಾಳೆಗಳನ್ನು ಬ್ಲೇಡಿನಿಂದ ಬುಡಕ್ಕೆ ಕತ್ತರಿಸಿ ತೆಗೆದಿದ್ದರು. ಇಂಥ ಪುಸ್ತಕದಲ್ಲಿ ಮುಂದಿನ ಹಾಳೆ, ಹಿಂದಿನ ಹಾಳೆ ಎರಡೂ ಒಂದೇ ಕಾಗದ, ನಡುವೆ ಮಡಿಚಿ ಹೊಲಿದದ್ದು. ಮುಂದಿನದನ್ನು ಕತ್ತರಿಸಿದರೆ ಹಿಂದಿನದಕ್ಕೆ ಹಿಡಿತ ಹೋಗುತ್ತದೆ. ಎದೆ ಸೊಂಟ ತೋಳುಗಳನ್ನು ಕತ್ತರಿಸಿದ್ದಕ್ಕೇ ಕೂಗುಗಳು ಕಿತ್ತುಬಂದದ್ದು. ಕಿತ್ತುಬಂದದ್ದಕ್ಕೇ ಅವು ನನ್ನ ಮೇಜಿಗೆ ಬಂದದ್ದು. ಓಟದ ಹೊಲಿಗೆ, ಕೊಕ್ಕೆ, ಕಾಜಾ, ಎಲ್ಲ ಹಾಗೆಯೇ ಇದ್ದವು. ಒಂದು ಹನಿ ನೀರಿನ ಕಲೆ ಇರಲಿಲ್ಲ.

ನನ್ನ ಮುಖ ನೋಡಿ ನಕ್ಷೆ ಮೇಡಂ ಬಾಗಿಲು ಹಾಕಿಕೊಂಡು ಬಂದು ಕೇಳಿದರು. ಇವು ನನ್ನವು, ಎಂದೆ. ಅವರು ಒಂದು ಪುಟ ತೆರೆದು ನನ್ನ ಮುಂದಿಟ್ಟು, ಇದನ್ನ ಓದಿ, ಎಂದರು. ಛತ್ರಿಯವನ ಪುಟ. ಗುರುತು ನೋಡುತ್ತಾ ಮೆಲ್ಲಗೆ ಶುರು ಮಾಡಿದೆ, ಆದರೆ ಅದು ಮೆಲ್ಲಗೆ ಕೂಗುವ ಕೂಗಲ್ಲ. ಮುರುಕು ಛತ್ರೀ, ಮುದುಕ ಛತ್ರೀ, ಕೂತದ್ದನ್ನ ನಿಲ್ಲಿಸ್ತೀನೀ, ಎಂದು ದನಿ ಎತ್ತಿದ್ದೇ ಓದುವ ಕೋಣೆಯಿಂದ ಯಾರೋ ಶ್ ಎಂದರು. ಮೇಡಂ ಕಣ್ಣು ತುಂಬಿತ್ತು. ನಿಮ್ಮಣ್ಣನ ಭಾಷಣ ಮೂರು ಸಲ ಕೇಳಿದೀನಿ, ಒಂದು ಸಲವೂ ಅವರು ಕೂಗಿ ತೋರಿಸಲಿಲ್ಲ, ಎಂದರು.

ಸಂಜೆ ಅಣ್ಣನಿಗೆ ಫೋನು ಮಾಡಿದೆ. ಹನ್ನೊಂದೂ ಸಿಕ್ಕವು, ಎಂದದ್ದಕ್ಕೆ ಅವನು ಕೇಳಿದ ಮೊದಲ ಮಾತು, ಅವು ನಿನ್ನ ಮೇಜಿಗೆ ಹೇಗೆ ಬಂದವು, ಎಂದು. ಆಮೇಲೆ, ನಿನ್ನವು ನೀರಲ್ಲಿ ಹೋದವಲ್ಲ, ಅಮ್ಮನನ್ನೇ ಕೇಳು, ಎಂದ. ನಾನು ಸುಮ್ಮನಿದ್ದೆ. ಸುಮ್ಮನಿರುವುದು ಅವನಿಗೆ ಹಿಂದಿನಿಂದಲೂ ಆಗದು. ಸರಿ, ನೀನೇ ಬರೆದೆ ಅಂತಲೇ ಇಟ್ಕೋ, ಅಷ್ಟನ್ನೂ ಸೇರಿಸಿ ಪುಸ್ತಕ ಮಾಡಿದ್ದು ನಾನಲ್ವಾ, ಈಗ ಯಾರು ಅಕ್ಷರ ನೋಡ್ತಾರೆ, ಎಂದ. ಮರುದಿನ ದೊಡ್ಡ ಗ್ರಂಥಪಾಲಕರಿಗೆ ಅವನಿಂದ ಇ-ಮೇಲ್ ಬಂತು: ಹನ್ನೊಂದೂ ಸ್ವಂತ ಕೈಬರಹದ ಟಿಪ್ಪಣಿಗಳು, ತಂಗಿಯ ಹಳೆಯ ನೋಟುಪುಸ್ತಕಗಳಲ್ಲಿ ಬರೆದವು, ಆಕೆಗೆ ಗೊಂದಲವಾಗಿರಬಹುದು, ಬೇಸರ ಪಟ್ಟುಕೊಳ್ಳದಂತೆ ತಿಳಿಹೇಳಿ. ದೊಡ್ಡವರು ಕೆಟ್ಟವರಲ್ಲ. ಇಬ್ಬರ ಬರಹವನ್ನೂ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಒಂದೇ ತರ ಇದೆಯಲ್ಲಮ್ಮ, ಎಂದರು. ಇರದೆ ಏನು, ಇಬ್ಬರಿಗೂ ಕೈ ಹಿಡಿದು ತಿದ್ದಿಸಿದವಳು ನೀನೇ. ಕೊಟ್ಟವರು ಒಪ್ಪಿ ಸಹಿ ಹಾಕಬೇಕು, ಇಲ್ಲ ಬರಹದಲ್ಲಿ ಒಂದು ಸಾಕ್ಷಿ ಬೇಕು, ಆವಾಗ ಮಾತ್ರ ಹೆಸರು ಬದಲಾಯಿಸ್ತೀನಿ, ಎಂದರು. ಇಪ್ಪತ್ತಕ್ಕೆ ಫಲಕಗಳೆಲ್ಲ ಅಚ್ಚಿಗೆ ಹೋಗಬೇಕು.

ಸಾಕ್ಷಿ ನನ್ನ ಚೀಲದಲ್ಲೇ ಇದೆ. ಹನ್ನೊಂದನೆಯ ಪುಸ್ತಕದ ಹೊದಿಕೆ ಬಿಚ್ಚಿದಾಗ ಒಳಮಡಿಕೆಯಿಂದ ನಾಲ್ಕು ಮಡಿಕೆಯ ಒಂದು ಚೀಟಿ ಬಿತ್ತು. ಅದನ್ನು ಅಣ್ಣ ಕಂಡಿರಲೇ ಇಲ್ಲವೋ, ಓದಿ ಅಲ್ಲೇ ಸಿಕ್ಕಿಸಿ ಮರೆತನೋ ತಿಳಿಯದು. ನಿನ್ನ ಅಕ್ಷರ. ಆಗ ಅವನು ಓದಲು ಬೇರೆ ಊರಲ್ಲಿದ್ದ, ಪಾರ್ಸಲ್ ಮಾಡಿದ್ದೀಯ. ಬರೆದದ್ದು ನಿನಗೆ ಮರೆತಿದ್ದರೆ ಇಲ್ಲಿ ಇಳಿಸುತ್ತೇನೆ.

“ಮಗಾ, ಹನ್ನೊಂದೂ ಕಳಿಸಿದೀನಿ, ಎಣಿಸ್ಕೋ. ಪೈಪು ಒಡೆದು ಹಾಳಾದವು ಅಂತ ಅವಳಿಗೆ ಹೇಳಿದೀನಿ, ನಂಬಿದಾಳೆ. ನಾಳೆ ಮದುವೆಯಾಗಿ ಹೋಗೋಳು, ಇವನ್ನ ಇಟ್ಕೊಂಡು ಏನು ಮಾಡ್ತಾಳೆ. ನಿನಗಾದರೆ ಒಂದು ದಾರಿಯಾಗುತ್ತೆ. ಅಳತೆ ಬರೆದಿರೋ ಹಾಳೆ ಕತ್ತರಿಸಿ ತೆಗೆದುಬಿಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ.”

ಹಾಳೆ ಕತ್ತರಿಸುವ ಬುದ್ಧಿ ಅಣ್ಣನದೆಂದು ಸಿಟ್ಟು ಮಾಡಿಕೊಂಡು ಕೂತಿದ್ದೆ ನೋಡು. ಆದರೆ ನನ್ನನ್ನು ಕೂರಿಸಿಬಿಟ್ಟದ್ದು ಆ ಮಾತಲ್ಲ, ನಂಬಿದಾಳೆ ಎಂಬ ಒಂದು ಮಾತು. ಅದನ್ನು ದಾಟಿ ಮುಂದಕ್ಕೆ ಹೋಗಲು ನನಗೆ ಈಗಲೂ ಆಗುತ್ತಿಲ್ಲ. ನನ್ನ ತಲೆ ನಿನ್ನ ತೊಡೆಯ ಮೇಲಿದ್ದಾಗ ಈ ಚೀಟಿ ಬರೆದು ಮುಗಿದಿತ್ತೋ, ನಾನು ನಿದ್ದೆ ಹೋದ ಮೇಲೆ ಎದ್ದು ಬರೆದೆಯೋ. ನನ್ನನ್ನು ಕೇಳಿದ್ದರೆ ಕೊಡುತ್ತಿದ್ದೆ ಅಮ್ಮಾ. ಅಣ್ಣನಿಗೆ ಕೆಲಸವಾಗಬೇಕು, ನಿನ್ನ ಹೆಸರನ್ನೂ ಪಕ್ಕದಲ್ಲಿ ಹಾಕುತ್ತಾನೆ, ಎಂದಿದ್ದರೆ ಸಾಕಿತ್ತು. ಹೆಸರು ಹಾಕದಿದ್ದರೂ ಬಹುಶಃ ಕೊಡುತ್ತಿದ್ದೆ. ನಾನು ಒಪ್ಪುತ್ತೇನೋ ಇಲ್ಲವೋ ಎಂದು ನೋಡುವ ಮನಸ್ಸು ಕೂಡ ನಿಮ್ಮಿಬ್ಬರಿಗೂ ಬರಲಿಲ್ಲ. ಇನ್ನು, ಮದುವೆಯಾಗಿ ನಾನು ಹೋದದ್ದಾದರೂ ಎಲ್ಲಿಗೆ. ಎರಡು ಬೀದಿ ಆಚೆಗೆ. ನಿನಗೆ ಜ್ವರ ಬಂದರೆ ಗಂಜಿಯ ಪಾತ್ರೆ ಹಿಡಿದು ಬರಲು ಏಳು ನಿಮಿಷ ಸಾಕಾಗುತ್ತಿತ್ತು. ನೀನು ಅಣ್ಣನ ಊರಿಗೆ ಹೊರಡುವವರೆಗೂ ಹತ್ತೊಂಬತ್ತು ವರ್ಷ ವಾರಕ್ಕೆ ನಾಲ್ಕು ದಿನ ಬಂದಿದ್ದೇನೆ, ಒಂದು ದಿನವೂ ನಿನ್ನ ಬಾಯಿಂದ ಅದು ಬರಲಿಲ್ಲವಲ್ಲ. ಎಷ್ಟೋ ಸಲ ನಾನೇ, ಆ ಪುಸ್ತಕಗಳಿದ್ದಿದ್ದರೆ, ಎಂದಾಗ ನೀನು ಮಾತು ಬದಲಾಯಿಸುತ್ತಿದ್ದೆ. ನನ್ನ ದುಃಖ ಕೆದಕಬಾರದೆಂದು ಹಾಗೆ ಮಾಡುತ್ತೀಯ ಎಂದುಕೊಂಡಿದ್ದೆ.

ಮಂಗಳವಾರ ನಿನ್ನ ಅಳಿಯನಿಗೆ ಹೇಳಿದೆ. ತಟ್ಟೆಯ ಮುಂದೆ ಕೂತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ, ನಿಮ್ಮ ಆ ಮನೆಯ ಅಟ್ಟದ ಮೇಲೆ ಪೈಪೇ ಇರಲಿಲ್ವಲ್ಲೇ, ಎಂದರು. ನಮ್ಮ ಮದುವೆಗೆ ಮುಂಚೆ ಅವರು ನಲ್ಲಿ ಸರಿಮಾಡಲು ಬಂದ ಮನೆ ಅದು. ಪೈಪು ಹಿತ್ತಲ ಗೋಡೆಯಲ್ಲಿತ್ತಂತೆ, ಅಟ್ಟದ ಕಡೆಗೆ ಸುಳಿದೇ ಇರಲಿಲ್ಲವಂತೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಅವರ ಮೇಲೆ ಹರಿಹಾಯ್ದೆ. ಪುಸ್ತಕ ಹೋಯ್ತು ಅಂದೆ, ಹೇಗೆ ಹೋಯ್ತು ಅಂತ ನೀನು ಹೇಳಿರಲಿಲ್ಲ, ಎಂದರು. ಅದೂ ನಿಜ. ಆ ಪೈಪಿನ ಮಾತು ನನ್ನ ನಿನ್ನ ನಡುವೆ ಮಾತ್ರ ಇತ್ತು. ನಗು ಬಂತು, ನಗುತ್ತಾ ನಗುತ್ತಾ ಅಳು ಬಂತು, ಅವರು ತಟ್ಟೆ ಸರಿಸಿ ನನ್ನ ಪಕ್ಕ ಬಂದು ಕೂತರು. ಚೀಟಿ ಕೊಡ್ತೀಯಾ, ಎಂದು ಮಾತ್ರ ಕೇಳಿದರು. ಗೊತ್ತಿಲ್ಲ, ಎಂದೆ.

ನಿಜವಾಗಿಯೂ ಗೊತ್ತಿಲ್ಲ. ಕೊಟ್ಟರೆ ಅದೂ ಸಂಗ್ರಹಕ್ಕೆ ಸೇರುತ್ತದೆ, ಅದಕ್ಕೂ ಒಂದು ಸಂಖ್ಯೆ ಬೀಳುತ್ತದೆ. ಈ ಊರಿನ ಕಥೆ ಹುಡುಕಿಕೊಂಡು ಬರುವ ಯಾರು ಬೇಕಾದರೂ ಅರ್ಜಿ ಬರೆದು, ಮೇಜಿನ ಮುಂದೆ ಕೂತು, ನನ್ನ ತಾಯಿ ನನಗೆ ಏನು ಮಾಡಿದಳು ಎಂದು ಓದಬಹುದು. ಆ ವಕೀಲರ ಸಿಡುಕು ನಾವು ಓದಿ ನಕ್ಕ ಹಾಗೆ. ನಿನ್ನ ಮಾತನ್ನು ಹಾಗೆ ಊರ ಮುಂದೆ ಇಡಲು ನನಗೆ ಕೈ ಬರುತ್ತಿಲ್ಲ. ಇಡದಿದ್ದರೆ ನನ್ನ ಮೂರು ವರ್ಷ ಅಣ್ಣನ ಹೆಸರಿನಲ್ಲಿ ಗಾಜಿನ ಕೆಳಗೆ ಮಲಗುತ್ತದೆ, ನಾನೇ ಅದನ್ನು ಹೊಲಿದು, ಒರೆಸಿ, ಅಲ್ಲಿಡಬೇಕು. ಅದಕ್ಕೇ ನಿನ್ನಲ್ಲಿ ಒಂದೇ ಒಂದು ಕೇಳುತ್ತೇನೆ. ಈ ಕಾಗದ ಸೋಮವಾರ ನಿನಗೆ ಸಿಗುತ್ತದೆ. ಬುಧವಾರದೊಳಗೆ, ಆ ಹನ್ನೊಂದು ಪುಸ್ತಕ ನನ್ನ ಮಗಳು ಬರೆದದ್ದು, ಎಂದು ದೊಡ್ಡ ಗ್ರಂಥಪಾಲಕರಿಗೆ ಒಂದು ಮಾತು ಹೇಳು. ಫೋನ್ ನಂಬರನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ಯಾಕೆ, ಹೇಗೆ ಎಂದು ಅವರು ಕೇಳುವುದಿಲ್ಲ, ಕೇಳಬೇಡಿರೆಂದು ನಾನು ಹೇಳುತ್ತೇನೆ. ಅಷ್ಟು ಹೇಳಿದರೆ ಚೀಟಿ ನನ್ನ ಹತ್ತಿರವೇ ಉಳಿಯುತ್ತದೆ. ನನ್ನ ಹತ್ತಿರ ಕ್ಷಮೆ ಕೇಳಬೇಕೆಂದೇನೂ ಇಲ್ಲ.

ಹುಷಾರಾಗಿರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊ. ಅತ್ತಿಗೆಗೆ ನಾನು ಕೇಳಿದೆನೆಂದು ಹೇಳು, ಅವರಿಗೆ ಇದಾವುದೂ ಗೊತ್ತಿರಲಾರದು, ಅವರ ಮೇಲೆ ನನಗೆ ಮುನಿಸಿಲ್ಲ. ನಿನ್ನ ಅಳಿಯ, ಮೊಮ್ಮಗಳು ನಿನ್ನ ಪಾದಕ್ಕೆ ನಮಸ್ಕಾರ ಹೇಳಿದ್ದಾರೆ. ನನ್ನದನ್ನೂ ಸೇರಿಸಿಕೊ.

ನಿನ್ನ ಮಗಳು,
ಸೂಜಿ

ತಾ.ಕ. ಶುಕ್ರವಾರ ಮಧ್ಯಾಹ್ನ. ಅಂಚೆಗೆ ಹಾಕಲು ಹೊರಟವಳು ಲಕೋಟೆ ಬಿಚ್ಚಿ ಇಷ್ಟು ಸೇರಿಸುತ್ತಿದ್ದೇನೆ, ಅಕ್ಷರ ಸಣ್ಣಗಾಗಿದ್ದರೆ ಕನ್ನಡಕ ಹಾಕಿಕೊ. ಬೆಳಗಾಗುತ್ತಲೇ ಅಣ್ಣ ಫೋನು ಮಾಡಿದ್ದ, ಬೇಕಾದರೆ ಅಮ್ಮನ ಬಾಯಲ್ಲೇ ಕೇಳು ಎಂದು ನಿನ್ನ ಕೈಗೆ ಕೊಟ್ಟ. ನೀನು, ನಿನ್ನವು ನೀರಲ್ಲಿ ಹೋದವು ಕಣೇ ಸೂಜಿ, ನಾನೇ ನನ್ನ ಕೈಯಾರೆ ಎತ್ತಿ ಗಾಡಿಗೆ ಹಾಕಿದೆ, ಇವು ಅವನವು, ಎಂದೆ. ದನಿ ಒಂದಿಷ್ಟೂ ನಡುಗಲಿಲ್ಲ. ನಾನು ಹೂಂ ಎಂದು ಫೋನಿಟ್ಟೆ. ಮೇಲೆ ಬರೆದಿರುವ ಬುಧವಾರದ ಮಾತನ್ನು ಹೊಡೆದುಹಾಕಿಕೊ, ಯಾರಿಗೂ ಫೋನು ಮಾಡಬೇಡ. ಚೀಟಿಯನ್ನು ದೊಡ್ಡವರ ಕೈಗೆ ಕೊಟ್ಟು ಬಂದೆ. ಓದಿ, ಫಲಕದಲ್ಲಿ ಅಣ್ಣನ ಹೆಸರು ಹೊಡೆದು ನನ್ನದು ಬರೆದರು. ಚೀಟಿಗೂ ಸಂಖ್ಯೆ ಬಿದ್ದಿದೆ. ಮಡಿಕೆಯಲ್ಲಿ ಹರಿದಿತ್ತು, ಕೊಡುವ ಮೊದಲು ತೆಳು ಕಾಗದ ಅಂಟಿಸಿ ನಾನೇ ಸರಿಮಾಡಿದೆ. ಇನ್ನು ಅದು ಹರಿಯುವುದಿಲ್ಲ.